ಒಲೆ ಆರಿಸುವ ಮನೆ

ನಮ್ಮ ಮನೆಯಲ್ಲಿ ಒಲೆ ದಿನಕ್ಕೆ ಎರಡು ಸಲ ಸಾಯುತ್ತಿತ್ತು. ಬೆಳಗಿನ ಅಡುಗೆ ಮುಗಿದ ಮೇಲೆ ಒಂದು ಸಲ, ಸಂಜೆಯದು ಮುಗಿದ ಮೇಲೆ ಇನ್ನೊಂದು ಸಲ. ಬೇರೆಯವರ ಮನೆಗಳಲ್ಲಿ ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಎದ್ದು ಊದುಕೊಳವೆಯಲ್ಲಿ ನಾಲ್ಕು ಸಲ ಊದಿದರೆ ಒಲೆ ಎದ್ದು ಕೂರುತ್ತಿತ್ತು. ನಮ್ಮಲ್ಲಿ ಹಾಗಿಲ್ಲ. ಕೆಂಡವನ್ನು ಹೊರಗೆಳೆಯಬೇಕು, ಒಡೆಯಬೇಕು, ಹರಡಬೇಕು, ಆಮೇಲೆ ಒಬ್ಬರು ಆ ಬೂದಿಯೊಳಗೆ ಕೈ ಇಟ್ಟು, ತಣ್ಣಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೇ ಬೂದಿ ಹೊರಗೆ ಹೋಗಬೇಕು. ಮಳೆಗಾಲವೆಂದು ಬಿಡುವಂತಿಲ್ಲ, ಜ್ವರವೆಂದು ಬಿಡುವಂತಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಈ ಕಾಟ ನೋಡಿದ್ದೇನೆ. ಅಕ್ಷರ ಕಲಿಯುವ ಮೊದಲೇ ಬೂದಿ ಮುಟ್ಟುವುದನ್ನು ಕಲಿತೆ. ಅಕ್ಷರವಾದರೂ ನಾಲ್ಕನೇ ಕ್ಲಾಸಿಗೆ ನಿಂತುಹೋಯಿತು, ಬೂದಿಯ ಪಾಠ ಮಾತ್ರ ಮುಂದುವರಿಯಿತು.

ಇದೆಲ್ಲ ಅಪ್ಪನ ಕೆಲಸ. ಅಪ್ಪ ಮಾದಯ್ಯ ಬೆಟ್ಟದ ಕಾಡಿಗೆ ವಾಚರ್. ಬೆಟ್ಟದ ಬುಡದಲ್ಲಿ, ಮೈಸೂರಿನ ಕಡೆಯ ಇಳಿಜಾರಿನಲ್ಲಿ, ಎರಡು ಕೋಣೆಯ ಹೆಂಚಿನ ಮನೆಯೊಂದನ್ನು ಸರ್ಕಾರ ಅವನಿಗೆ ಕೊಟ್ಟಿತ್ತು. ಮುಂದೆ ಉದ್ದನೆಯ ಜಗಲಿ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಹಿಂದೆ ಬೂದಿಗುಂಡಿ, ಗುಂಡಿಯ ಆಚೆ ಹುಲ್ಲು, ಹುಲ್ಲಿನ ಆಚೆ ಬೆಟ್ಟ. ಕೆಲಸ ಇರುವ ತನಕ ಮನೆ. ಕೆಲಸ ಹೋದ ದಿನ ಪಾತ್ರೆ ಪಗಡೆ ಎತ್ತಿಕೊಂಡು ಹೊರಡಬೇಕು. ಈ ಮಾತನ್ನು ಅವ್ವ ವಾರಕ್ಕೊಂದು ಸಲ ಹೇಳುತ್ತಿದ್ದಳು. ಬೇಸಿಗೆ ಬಂತೆಂದರೆ ಆ ಜಗಲಿಯ ಮೇಲೆ ಐದಾರು ಹುಡುಗರು ಬಂದು ಬೀಳುತ್ತಿದ್ದರು. ಸುತ್ತಲ ಹಳ್ಳಿಯವರು, ಒಬ್ಬಿಬ್ಬರು ಪೇಟೆಯವರು. ಬೇಸಿಗೆಯ ಮೂರು ತಿಂಗಳು ಬೆಂಕಿ ಬೀಳದಂತೆ ಕಾಡು ಕಾಯುವ ಕೂಲಿ ಕೆಲಸಕ್ಕೆ ಬಂದವರು. ಚೆನ್ನಾಗಿ ದುಡಿದವನನ್ನು ಅಪ್ಪ ರೇಂಜರ್ ಸಾಹೇಬರಿಗೆ ತೋರಿಸುತ್ತಿದ್ದ. ಸಾಹೇಬರು ಒಪ್ಪಿದರೆ ಅವನು ಗಾರ್ಡ್ ಆಗುತ್ತಿದ್ದ, ಖಾಕಿ ಹಾಕುತ್ತಿದ್ದ. ಆದ್ದರಿಂದ ಅಪ್ಪ ಹೇಳಿದ್ದನ್ನೆಲ್ಲ ಆ ಹುಡುಗರು ಕೇಳುತ್ತಿದ್ದರು. ಕೇಳದೆ ಇದ್ದವಳು ಅವ್ವ ಒಬ್ಬಳೇ.

ಹುಡುಗರಿಗೆ ಪಾಠ ನಡೆಯುತ್ತಿದ್ದದ್ದು ನಮ್ಮ ಅಂಗಳದಲ್ಲಿ. ಜಗಲಿಯ ಗೋಡೆಯಲ್ಲಿ ಒಂದು ಗೂಡಿತ್ತು, ದೀಪ ಇಡುವ ಗೂಡು. ಒಳಗೆ ಕಾಲಿಡುವ ಮೊದಲು ಎಲ್ಲರೂ ಬೀಡಿ ಕಟ್ಟು, ಬೆಂಕಿಪೊಟ್ಟಣ ಅಲ್ಲಿಡಬೇಕು. ದೀಪಕ್ಕೆ ಜಾಗ ಇಲ್ಲದೆ ಅವ್ವ ಅದನ್ನು ಮರಳು ತುಂಬಿದ ತಟ್ಟೆಯಲ್ಲಿ ನೆಲದ ಮೇಲೆ ಇಡುತ್ತಿದ್ದಳು, ಆ ಮರಳೂ ಅಪ್ಪನ ಅಪ್ಪಣೆಯೇ. ಬೆಳಿಗ್ಗೆ ಹುಡುಗರು ಕಲ್ಲು ತುಂಬಿದ ಚೀಲ ಹೊತ್ತು ಬೆಟ್ಟದ ಮೆಟ್ಟಿಲು ಓಡಿ ಹತ್ತಬೇಕು. ಪೂಜೆಗೆ ಹತ್ತುವ ಜನ ಇವರನ್ನು ನೋಡಿ ಯಾವ ಹರಕೆಯಪ್ಪ ಇದು ಎಂದು ನಗುತ್ತಿದ್ದರು. ಇಳಿದು ಬಂದ ಮೇಲೆ ಬೆಂಕಿ ರೇಖೆ ಕಡಿಯಬೇಕು. ಬೆಂಕಿ ದಾಟದ ಹಾಗೆ ಹುಲ್ಲು, ಎಲೆ, ಬೇರು ಎಲ್ಲ ಕೆರೆದು ಬರಿ ಮಣ್ಣು ಮಾಡಿದ ದಾರಿ, ಅದೇ ರೇಖೆ. ಆಮೇಲೆ ಅಂಗಳದಲ್ಲಿ ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ಹಚ್ಚಿ, ತಂಗಡಿ ಸೊಪ್ಪಿನ ಹಸಿ ಕೊಂಬೆಯಲ್ಲಿ ಆರಿಸುವುದನ್ನು ಅಪ್ಪ ಕಲಿಸುತ್ತಿದ್ದ. ಯಾವನಾದರೂ ಲಂಟಾನದ ಕೊಂಬೆ ಮುರಿದುಕೊಂಡು ಬಂದರೆ ಅದೇ ಕೊಂಬೆಯಲ್ಲಿ ಅವನ ಬೆನ್ನಿಗೆ ಬೀಳುತ್ತಿತ್ತು. ಲಂಟಾನ ಹಸಿಯಾಗಿದ್ದರೂ ಎಣ್ಣೆ ಹಾಕಿದಂತೆ ಉರಿಯುತ್ತದೆ.

"ಎತ್ತಿ ಬಡೀಬ್ಯಾಡ ಕಣ್ಲಾ! ನೀನೇನ್ ಬಟ್ಟೆ ಒಗೀತಿದ್ದೀಯಾ? ಕಿಡಿ ಎಗರಿ ಅತ್ಲಾಗೆ ಬಿದ್ರೆ ಇನ್ನೊಂದು ಬೆಂಕಿ. ಒತ್ತು. ಒತ್ತಿ ಎಳಿ."

"ಬೆಂಕಿ ಮ್ಯಾಲ್ಗಡೆ ಯಾವನ್ಲಾ ನಿಂತಿರೋನು? ಬೆಂಕಿ ಬೆಟ್ಟ ಅತ್ತೋದು ನಿನಗಿಂತ ಜೋರು. ಸುಟ್ಟಿರೋ ಕಡೆ ಕಾಲಿಡು. ಸುಟ್ಟ ನೆಲ ಎರಡು ಸಲ ಸುಡಾಕಿಲ್ಲ."

ಕೊನೆಯ ಪಾಠ ಬೂದಿಯದು. ಬೆಂಕಿ ಆರಿತು ಎಂದು ಹುಡುಗರು ಬೆವರು ಒರೆಸಿಕೊಂಡು ಕೂತರೆ ಅಪ್ಪನಿಗೆ ಮೈಯೆಲ್ಲ ಉರಿ. ಬೆಂಕಿ ಆರುವುದಿಲ್ಲ, ಮಲಗುತ್ತದೆ ಎನ್ನುವುದು ಅವನ ಮಾತು. ಬೇರಿನ ಬುಡದಲ್ಲಿ, ಸಗಣಿ ಉಂಡೆಯೊಳಗೆ ಮಲಗಿರುತ್ತದೆ, ಮರುದಿನ ಗಾಳಿ ಬಂದಾಗ ಏಳುತ್ತದೆ. ಆದ್ದರಿಂದ ಸುಟ್ಟ ನೆಲವನ್ನು ಮೊಳ ಮೊಳವೂ ಕೈ ಇಟ್ಟು ನೋಡಬೇಕು. ಅದೂ ಅಂಗೈ ಇಡುವಂತಿಲ್ಲ, ಹಿಂಗೈ ಇಡಬೇಕು.

"ಅಂಗೈ ನಾಳೆ ಗುದ್ದಲಿ ಇಡಿಯಾಕೆ ಬೇಕು. ಸುಟ್ಕಂಡ್ರೆ ನಿಮ್ಮಪ್ಪ ಬತ್ತಾನಾ ಗುದ್ದಲಿ ಇಡಿಯಾಕೆ? ಹಿಂಗೈ ಚರ್ಮ ತೆಳು. ಬಿಸಿ ಬ್ಯಾಗ ಗೊತ್ತಾಯ್ತದೆ."

ಇನ್ನೊಂದು ಕಟ್ಟಳೆ. ನೋಡಿದವನು ತಣ್ಣಗಿದೆ ಎಂದನೋ, ಮುಗಿಯಿತು. ಪಕ್ಕದವನು ಅದನ್ನು ಇನ್ನೊಂದು ಸಲ ನೋಡಬಾರದು. ಹುಡುಗರಲ್ಲಿ ಒಬ್ಬ ಇದು ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಬೆಟ್ಟ ಎಷ್ಟಗಲ ಐತೆ, ನೀವು ಎಷ್ಟ್ ಜನ ಇದ್ದೀರಿ? ಒಬ್ಬ ನೋಡಿದ್ದನ್ನೇ ಇನ್ನೊಬ್ಬ ನೋಡ್ಕಂಡು ಕುಂತ್ರೆ ಮಿಕ್ಕಿದ್ದು ಯಾರು ನೋಡೋರು? ಪಕ್ಕದೋನ ಮಾತು ನಂಬಾಕೆ ಆಗ್ದೋನು ನನ್ನ ತಾವ ಬರ್ಬ್ಯಾಡ. ಓಗಿ ಎಮ್ಮೆ ಕಾಯಿ."

ಕಾಡಿನಲ್ಲಿ ಇದೆಲ್ಲ ಸರಿ. ಅದನ್ನು ಅಡುಗೆಮನೆಗೆ ಯಾಕೆ ತರಬೇಕು? ಈ ಮನೆಯಲ್ಲಿ ಉಣ್ಣುವ ಪ್ರತಿಯೊಬ್ಬರೂ ಸರದಿಯ ಮೇಲೆ ಬೂದಿ ನೋಡಬೇಕು ಎಂದು ಅಪ್ಪ ಮಾಡಿಟ್ಟಿದ್ದ. ಒಂದು ದಿನ ಹುಡುಗರು, ಒಂದು ದಿನ ಅವ್ವ, ಒಂದು ದಿನ ನಾನು. ಅವ್ವ ಬಂದಿದ್ದು ಒಕ್ಕಲು ಮನೆಯಿಂದ. ಅವಳ ತವರಿನಲ್ಲಿ ಅವಳ ಅಜ್ಜಿಯ ಕಾಲದ ಕೆಂಡವೇ ಇನ್ನೂ ಉರಿಯುತ್ತಿದೆ ಎಂದು ಹೇಳಿಕೊಳ್ಳುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ತೆಂಗಿನ ಚಿಪ್ಪು ಹಿಡಿದುಕೊಂಡು ಕೆಂಡಕ್ಕೆ ಬರುತ್ತಿದ್ದರಂತೆ. ಅಲ್ಲಿ ಒಲೆ ಆರುತ್ತಿದ್ದದ್ದು ಮನೆಯಲ್ಲಿ ಹೆಣ ಇದ್ದಾಗ ಮಾತ್ರ. ಹುಡುಗರಿಗೆ ಮುದ್ದೆ ತೊಳಸುತ್ತ, ಉಪ್ಪುಸಾರಿಗೆ ಖಾರ ಅರೆಯುತ್ತ, ಕಣ್ಣಿಗೆ ಹೊಗೆ ತುಂಬಿಕೊಂಡು ಅವಳು ದಿನವೂ ಅದೇ ಜಗಳ ತೆಗೆಯುತ್ತಿದ್ದಳು.

"ದಿನಾ ಎಲ್ಡೆಲ್ಡು ಸಲ ಒಲೆ ಆರಿಸ್ತೀರಲ್ಲ, ಯಾರ್ ಸತ್ತವ್ರೆ ಈ ಮನೇಲಿ?"

"ಯಾರೂ ಸಾಯ್ದೆ ಇರ್ಲಿ ಅಂತ್ಲೇ ಆರ್ಸೋದು."

"ಬೆಟ್ಟಕ್ಕೆ ಕಾವಲು ಅಂತ ನಿಮ್ಮುನ್ನ ಇಟ್ಟವ್ರೆ. ನನ್ನ ಒಲೆಗಲ್ಲ."

"ಗುಂಡಿಯಿಂದ ಬೆಟ್ಟಕ್ಕೆ ಎಷ್ಟು ದೂರ ಅಂತ ಕಣ್ಬಿಟ್ಟು ನೋಡು ಒಂದ್ಸಲ."

"ನೋಡ್ದೆ. ನೀವೂ ಕಣ್ಬಿಟ್ಟು ನೋಡಿ, ಬೆಂಕಿಕಡ್ಡಿ ಪೊಟ್ಟಣದಲ್ಲಿ ಎಷ್ಟು ಕಡ್ಡಿ ಉಳ್ದವೆ ಅಂತ."

ಹುಡುಗರು ತಟ್ಟೆಗೆ ಮುಖ ಹಾಕಿಕೊಂಡು ನಗುತ್ತಿದ್ದರು. ಅಪ್ಪನೂ ಮೀಸೆಯೊಳಗೆ ನಗುತ್ತಿದ್ದ. ಅವ್ವ ಮಾತ್ರ ನಗುತ್ತಿರಲಿಲ್ಲ. ನಾನು ಅವ್ವನ ಪಕ್ಷ. ನನ್ನ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿರುವಾಗ ನಾನು ಬೂದಿ ಮುಂದೆ ಕೂತಿರಬೇಕು. ಒಂದು ಸಲ ಬೂದಿಯೊಳಗೆ ಹುಣಸೆ ಸೌದೆಯ ಚೂರೊಂದು ಮಲಗಿತ್ತು. ಬೆರಳ ಗಿಣ್ಣಿಗೆ ಬೊಬ್ಬೆ ಬಂತು. ಅಳುತ್ತ ಅಪ್ಪನ ಹತ್ತಿರ ಹೋದರೆ ಸುಣ್ಣ ಹಚ್ಚಿ, ಬೆನ್ನು ತಟ್ಟಿ, ಹುಡುಗರನ್ನೆಲ್ಲ ಕರೆದು ನನ್ನ ಬೊಬ್ಬೆ ತೋರಿಸಿದ. ಇವಳು ನೋಡ್ರೋ, ನಿಜವಾಗಿ ಮುಟ್ಟವ್ಳೆ ಎಂದ. ಸುಟ್ಟುಕೊಂಡಿದ್ದಕ್ಕೆ ಬಹುಮಾನ ಕೊಡುವ ಮನೆ ನಮ್ಮದು. ಇಂಥವನ ಹತ್ತಿರ ಏನು ಮಾತಾಡುವುದು.

ಆ ವರ್ಷದ ಹುಡುಗರಲ್ಲಿ ನಂಜುಂಡ ಎನ್ನುವವನಿದ್ದ. ಎಲ್ಲರೂ ನಂಜ ಎನ್ನುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಬಾಯಿ ತುಂಬ ಮಾತು. ಅಪ್ಪ ಹೇಳಿದ್ದನ್ನು ಅಪ್ಪನ ದನಿಯಲ್ಲೇ ಹೇಳಿ ಜಗಲಿಯವರನ್ನೆಲ್ಲ ನಗಿಸುತ್ತಿದ್ದ. ಆದರೆ ಕೆಲಸದಲ್ಲಿ ಅವನ ಸಮಕ್ಕೆ ಯಾರೂ ಇಲ್ಲ. ಗಾಳಿ ಯಾವ ಕಡೆ ತಿರುಗುತ್ತದೆ ಎಂದು ಮೂಗಿನಲ್ಲೇ ಹೇಳುತ್ತಿದ್ದ. ಅವನಿಗೆ ಅದು ಎರಡನೆಯ ಬೇಸಿಗೆ. ಅಪ್ಪ ಅವನ ವಿಷಯ ಆಗಲೇ ಸಾಹೇಬರ ಕಿವಿಗೆ ಹಾಕಿದ್ದ, ಸಾಹೇಬರು ಆಗಲಿ ಎಂದಿದ್ದರು. ಬೇಸಿಗೆ ಮುಗಿಯುವುದೊಂದೇ ಬಾಕಿ. ಖಾಕಿ ಹಾಕಿದ ಮೇಲೆ ಮೊದಲು ಮುದ್ದೆ ಬೇಡ ಅನ್ನ ಬೇಕು ಅಂತೀನಿ ಎಂದು ಅವ್ವನನ್ನು ರೇಗಿಸುತ್ತಿದ್ದ. ಅವ್ವ ಸೌಟು ತೋರಿಸುತ್ತಿದ್ದಳು.

ಯುಗಾದಿಯ ಹಿಂದಿನ ದಿನ. ಹಬ್ಬಕ್ಕೆ ಒಲೆಯ ಬೂದಿ ಎಲ್ಲ ತೆಗೆದು, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿಯಬೇಕು. ಅವ್ವನಿಗೆ ಕೈತುಂಬ ಕೆಲಸ. ಬೆಳಗಿನ ಅಡುಗೆ ತಡವಾಗಿತ್ತು, ಒಲೆ ಆರಿಸಿದ್ದೂ ತಡವಾಗಿತ್ತು. ಅಷ್ಟರಲ್ಲಿ ನಾನು ಗೋರಂಟಿ ಬೇಕೆಂದು ಹಠ ಹಿಡಿದಿದ್ದೆ. ನನ್ನ ಬಾಯಿ ಮುಚ್ಚಿಸುವುದಕ್ಕೆ ಅವ್ವ ಅರೆದು, ಎರಡೂ ಕೈಗೆ ಮೆತ್ತಿ, ಮೇಲೆ ಹರಳೆಲೆ ಇಟ್ಟು, ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಗಂಟು ಹಾಕಿದಳು. ಸಂಜೆ ತನಕ ಬಿಚ್ಚಬಾರದು ಎಂದಳು. ನಾನು ಎರಡು ಕೈಯನ್ನೂ ಎದುರಿಗೆ ಚಾಚಿಕೊಂಡು, ಯಾವುದೋ ದೊಡ್ಡ ಮನೆಯ ಹೆಣ್ಣಿನ ಹಾಗೆ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದೆ. ಅಪ್ಪ ಮತ್ತೆ ನಾಲ್ವರು ಹುಡುಗರು ಮೇಲೆ ರೇಖೆ ಕಡಿಯಲು ಹೋಗಿದ್ದರು. ಬೂದಿ ಹೊರುವ ಸರದಿ ನಂಜನದು, ಅದಕ್ಕೆ ಅವನು ಕೆಳಗೆ ಉಳಿದಿದ್ದ. ಬೂದಿ ನೋಡುವ ಸರದಿ ನನ್ನದು.

ಹಿಂಬಾಗಿಲಲ್ಲಿ ಬಾಂಡ್ಲಿ ಹಿಡಿದುಕೊಂಡು ನಿಂತು ಅವನು ಕೂಗಿದ.

"ಚಿಕ್ಕಿ, ಬೂದಿ ನೋಡ್ದಾ?"

ಚಿಕ್ಕತಾಯಿ ಎನ್ನುವುದು ನನ್ನ ಹೆಸರು, ಮನೆಯಲ್ಲಿ ಚಿಕ್ಕಿ. ನಾನು ಕೈ ನೋಡಿಕೊಂಡೆ. ಬಿಚ್ಚಿದರೆ ಗೋರಂಟಿ ಹಾಳು. ನೀನೇ ನೋಡು ಅನ್ನಬಹುದಿತ್ತು. ಅಂದರೆ ಅವನು ಅಪ್ಪನ ದನಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಾನೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"ನೋಡ್ದೆ. ತಣ್ಣಗೈತೆ."

ಅವ್ವ ಅಲ್ಲೇ ಸಗಣಿ ನೀರು ಕಲಸುತ್ತಿದ್ದಳು. ತಲೆ ಎತ್ತಿ ನನ್ನ ಮುಖ ನೋಡಿದಳು, ಸುತ್ತಿದ ಕೈ ನೋಡಿದಳು. ಒಲೆ ಬೇಗ ಖಾಲಿಯಾಗಬೇಕಿತ್ತು ಅವಳಿಗೆ. ತಲೆ ತಗ್ಗಿಸಿದಳು. ನಂಜ ಒಳಗೆ ಬಂದು ಬೂದಿಯನ್ನು ಬಾಂಡ್ಲಿಗೆ ತುಂಬಿಕೊಂಡ. ಕೈ ಇಡಲಿಲ್ಲ. ಇಡಬಾರದು ಎನ್ನುವುದೇ ಅವನು ಕಲಿತ ಪಾಠ.

ಅವನು ಗುಂಡಿಗೆ ಸುರಿದು ಬಂದು, ಒಂದು ಚೊಂಬು ನೀರು ಕುಡಿದು, ಜಗಲಿಯಲ್ಲಿ ಮಚ್ಚು ಮಸೆಯಲು ಕೂತ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗಾಳಿ ಎದ್ದಿತು. ಆ ಹೊತ್ತಿನಲ್ಲಿ ದಿನವೂ ಏಳುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ. ಹೊಗೆಯನ್ನು ಮೊದಲು ನೋಡಿದವಳು ನಾನು. ಗುಂಡಿಯಲ್ಲಿದ್ದ ಮಾವಿನ ತರಗು ಹತ್ತಿಕೊಂಡು, ಅದರ ಆಚೆಯ ಹುಲ್ಲು ಹತ್ತಿಕೊಂಡು, ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಕಿ ಬೆಟ್ಟದ ಕಡೆ ಮುಖ ಮಾಡಿತ್ತು. ಅದಕ್ಕೆ ಮೊದಲು ನಾನು ಬೆಂಕಿಯನ್ನು ಅಂಗಳದಲ್ಲಿ, ಹಿಡಿ ಹುಲ್ಲಿನಲ್ಲಿ ಮಾತ್ರ ನೋಡಿದ್ದು. ಇದು ಬೇರೆ. ಇದು ಸದ್ದು ಮಾಡುತ್ತಿತ್ತು, ಒಣಗಿದ ಜೋಳದ ಹೊಲದೊಳಗೆ ದನ ನುಗ್ಗಿದ ಹಾಗೆ. ನಂಜ ಒಂದು ಕೂಗು ಹಾಕಿ ತಂಗಡಿ ಕೊಂಬೆ ಮುರಿದುಕೊಂಡು ಓಡಿದ. ಮೇಲಿನಿಂದ ಅಪ್ಪ ಮತ್ತು ಹುಡುಗರು ಪಕ್ಕದ ಇಳಿಜಾರು ಹಿಡಿದು ಇಳಿದರು. ಅಪ್ಪ ಒಂದು ಮಾತು ಬೈಯಲಿಲ್ಲ. ನೀನು ಎಡಕ್ಕೆ, ನೀನು ನನ್ನ ಹಿಂದೆ, ಅಷ್ಟೇ. ಎಲ್ಲರೂ ಸುಟ್ಟ ನೆಲದಲ್ಲಿ ಕಾಲಿಟ್ಟು, ಒತ್ತಿ ಎಳೆದು, ಒತ್ತಿ ಎಳೆದು, ಎರಡು ಪಕ್ಕದಿಂದಲೂ ಅದನ್ನು ಕಿರಿದು ಮಾಡಿದರು. ಬೆಂಕಿಯ ತಲೆ, ಮುಂದೆ ನುಗ್ಗುವ ತುದಿ, ಮಾತ್ರ ಯಾರ ಕೈಗೂ ಸಿಗಲಿಲ್ಲ. ಅದು ಮೇಲೆ ಮೇಲೆ ಹೋಗಿ, ಆ ವಾರ ಅದೇ ಹುಡುಗರು ಕಡಿದ ರೇಖೆಯ ಹತ್ತಿರ ಬಂದು, ಬರಿ ಮಣ್ಣು ಕಂಡು ನಿಂತುಹೋಯಿತು. ರೇಖೆಯ ಆಚೆ ಲಂಟಾನದ ಪೊದೆ. ಅದು ಹತ್ತಿಕೊಂಡಿದ್ದರೆ ಬೆಟ್ಟ ಹೋಗುತ್ತಿತ್ತು, ಅಪ್ಪನ ಕೆಲಸವೂ ಹೋಗುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ನಂಜನ ಒಂದು ಹುಬ್ಬು ಸುಟ್ಟಿತ್ತು. ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಮುಖ ಕಪ್ಪು, ಕೈ ಕಪ್ಪು. ಬೆಂಕಿ ಕಾಯುವ ವಾಚರನ ಹಿತ್ತಿಲಿನಿಂದಲೇ ಬೆಂಕಿ ಎದ್ದಿದೆ. ಬೆಟ್ಟದ ಮೇಲಿನ ದಾರಿಯಿಂದ ಹೊಗೆ ಕಂಡವರು ಎಷ್ಟು ಜನರೋ. ಸಾಹೇಬರು ಬರುತ್ತಾರೆ, ಕೇಳುತ್ತಾರೆ. ಅಪ್ಪ ಹುಡುಗರ ಎದುರಿಗೆ ನಿಂತ.

"ಬೂದಿ ಸುರ್ದೋನು ಯಾರು?"

"ನಾನಣ್ಣ." ನಂಜ ಹೇಳಿದ. "ಕೇಳ್ಬುಟ್ಟೇ ಸುರ್ದಿದ್ದು."

"ಯಾರ್ನ ಕೇಳ್ದೆ?"

ನಂಜ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದ. ಬೈಯುವ ನೋಟವಲ್ಲ ಅದು, ಸುಮ್ಮನೆ ಕಾಯುವ ನೋಟ, ನಾನೇ ಹೇಳಲಿ ಎಂದು. ಎಲ್ಲರ ಕೈಯೂ ಕಪ್ಪಾಗಿತ್ತು. ಸ್ವಚ್ಛವಾಗಿದ್ದದ್ದು ನನ್ನ ಎರಡು ಕೈ ಮಾತ್ರ, ಬಟ್ಟೆ ಸುತ್ತಿಕೊಂಡು, ನನ್ನ ಬೆನ್ನ ಹಿಂದೆ. ಅಪ್ಪ ಅವನ ನೋಟ ಹಿಡಿದುಕೊಂಡೇ ನನ್ನ ಹತ್ತಿರ ಬಂದ. ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದ. ಬಟ್ಟೆಯ ಗಂಟು ನೋಡಿದ. ಅವ್ವನನ್ನು ನೋಡಿದ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು, ಹೆಂಚಿನ ಮನೆಯನ್ನು ಬೀಳದ ಹಾಗೆ ಹಿಡಿದುಕೊಂಡವಳಂತೆ. ಅಪ್ಪ ತಿರುಗಿ ನಂಜನ ಎದುರಿಗೆ ಹೋದ.

"ಕೇಳೋದಲ್ಲ ಕಣ್ಲಾ. ನೀನೇ ನೋಡ್ಬೇಕಿತ್ತು."

ಹುಡುಗರೆಲ್ಲ ತಲೆ ಎತ್ತಿದರು. ನಂಜನ ಬಾಯಿ ಅರ್ಧ ತೆರೆಯಿತು.

"ಅಣ್ಣ, ನೀವೇ ಅಲ್ವಾ ಹೇಳಿದ್ದು..."

"ಗಂಟು ಕಟ್ಕೊ. ನಾಳಿಂದ ಬರ್ಬ್ಯಾಡ."

ಅಷ್ಟೇ ಮಾತು. ನಂಜ ಜಗಲಿಯ ಗೂಡಿನಿಂದ ತನ್ನ ಬೀಡಿ ಕಟ್ಟು ತೆಗೆದುಕೊಂಡು, ಬಟ್ಟೆಗಂಟು ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಸಾಹೇಬರು ಬಂದಾಗ ಒಬ್ಬ ಕೂಲಿ ಹುಡುಗನ ಅಜಾಗ್ರತೆ, ಅವನನ್ನು ತೆಗೆದುಹಾಕಿದ್ದೇನೆ ಎಂದು ಅಪ್ಪ ಹೇಳಿದ. ಸಾಹೇಬರು ಸುಟ್ಟ ಜಾಗ ನೋಡಿ, ರೇಖೆ ನೋಡಿ, ರೇಖೆ ಚೆನ್ನಾಗಿ ಕಡಿದಿದ್ದೀಯ ಎಂದು ಹೊಗಳಿ ಹೋದರು. ಕೆಲಸ ಉಳಿಯಿತು, ಮನೆ ಉಳಿಯಿತು. ನಂಜನಿಗೆಂದು ಇದ್ದ ಖಾಕಿ ಬೇರೊಬ್ಬನ ಮೈಗೆ ಹೋಯಿತು.

ಸಂಜೆ ಅವ್ವ ನನ್ನ ಕೈ ಬಿಚ್ಚಿದಳು. ಗೋರಂಟಿ ಚೆನ್ನಾಗಿ ಹತ್ತಿತ್ತು. ಹಬ್ಬದ ದಿನ ಬಂದವರೆಲ್ಲ ಎಷ್ಟು ಕೆಂಪು ಎಷ್ಟು ಕೆಂಪು ಎಂದು ನನ್ನ ಕೈ ಹಿಡಿದು ನೋಡಿದರು. ಅಪ್ಪ ಎರಡು ಒಬ್ಬಟ್ಟು ತಿಂದ. ಅವನು ಒಂದಾದರೂ ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ, ಅದೂ ಇಲ್ಲ. ಹಬ್ಬ ಕಳೆದು ನನ್ನ ಸರದಿ ಬಂದ ದಿನ ಒಲೆಯ ಮುಂದೆ ಹೋಗಿ ಕೂತೆ. ಅಪ್ಪ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಹಿಂಗೈ ಇಟ್ಟು ನೋಡಿದ. ಅದಾದ ಮೇಲೆ ಪ್ರತಿ ಸರದಿಗೂ ಹಾಗೇ. ನನಗೆ ಮದುವೆಯಾಗಿ ಆ ಮನೆ ಬಿಡುವ ತನಕ ಅಪ್ಪ ಇನ್ನೊಂದು ಸಲ ನನ್ನ ಕೈಯಿಂದ ಬೂದಿ ಮುಟ್ಟಿಸಲಿಲ್ಲ. ಯಾವ ಕಾಟಕ್ಕೆ ನಾನು ಅಷ್ಟು ದಿನ ಗೊಣಗಿದ್ದೆನೋ ಅದು ತಪ್ಪಿತು, ನನಗೆ ಕುಂಟೆಬಿಲ್ಲೆ ಆಡಲು ಬೇಕಾದಷ್ಟು ಹೊತ್ತು ಸಿಕ್ಕಿತು, ಆಡಲು ಹೋದರೆ ಕಾಲು ಬರುತ್ತಿರಲಿಲ್ಲ. ಅವ್ವ ಒಲೆಯ ವಿಷಯಕ್ಕೆ ಜಗಳ ತೆಗೆಯುವುದನ್ನು ಬಿಟ್ಟಳು. ಜಗಳ ಇದ್ದಾಗಲೇ ಚೆನ್ನಾಗಿತ್ತು. ಮುಂದಿನ ಬೇಸಿಗೆಗೆ ಬಂದ ಹುಡುಗರಿಗೆ ಅಪ್ಪ ಪಕ್ಕದವನ ಮಾತು ನಂಬಬೇಕು ಎನ್ನುವ ಪಾಠ ಹೇಳಲಿಲ್ಲ. ಹಳಬರು ಇಬ್ಬರಿದ್ದರು, ಅವರು ಒಬ್ಬ ನೋಡಿದ ಜಾಗವನ್ನೇ ಇನ್ನೊಬ್ಬ ನೋಡುತ್ತಿದ್ದರು. ಅಪ್ಪ ಅದನ್ನು ಕಂಡೂ ಬೈಯುತ್ತಿರಲಿಲ್ಲ. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತಿತ್ತು.

ಮದುವೆಯಾಗಿ ಕೆಸರೆಗೆ ಬಂದ ಮೇಲೆ ನಾನು ಚಾಮರಾಜಪುರಂನಲ್ಲಿ ನಾಲ್ಕು ಮನೆ ಕೆಲಸ ಹಿಡಿದೆ. ಒಂದು ಮನೆಯಮ್ಮ ಸೀರೆಗಳ ಗಂಟು ಕೊಟ್ಟು ಮೂಲೆಯ ಇಸ್ತ್ರಿ ಅಂಗಡಿಗೆ ಕಳಿಸಿದರು. ತಗಡಿನ ಅಂಗಡಿ, ಕೆಂಡದ ಇಸ್ತ್ರಿಪೆಟ್ಟಿಗೆ. ಪೆಟ್ಟಿಗೆಯ ತಳಕ್ಕೆ ಹಿಂಗೈ ತೋರಿಸಿ ಬಿಸಿ ನೋಡುತ್ತಿದ್ದ ಆ ಕೈ ಕಂಡೇ ನಿಂತುಬಿಟ್ಟೆ. ಹುಬ್ಬು ಬೆಳೆದಿತ್ತು, ತಲೆ ಆಗಲೇ ನೆರೆತಿತ್ತು. ಅವನೂ ನನ್ನನ್ನು ಗುರುತು ಹಿಡಿದ.

"ಯಾರು, ವಾಚರ್ ಮಗ್ಳಾ? ಗೋರಂಟಿ ಅಳ್ಸೋಯ್ತಾ?"

"ನಂಜಣ್ಣ, ಅವತ್ತು..."

"ಅವತ್ತಿಂದು ಬುಡು. ಎಷ್ಟು ಸೀರೆ?"

"ನೀವು ಯಾಕೆ ನನ್ನ ಹೆಸ್ರು ಹೇಳ್ಲಿಲ್ಲ?"

ಅವನು ಸೀರೆ ಬಿಡಿಸಿ, ನೀರು ಚಿಮುಕಿಸಿ, ಒಂದು ಅಂಚು ಪೂರ್ತಿ ಎಳೆದು ಮುಗಿಸಿದ ಮೇಲೆ ಬಾಯಿಬಿಟ್ಟ.

"ನೀನು ಹೇಳ್ತೀಯಾ ಅಂತ ಕಾಯ್ದೆ ಕಣಮ್ಮಿ. ನಿಮ್ಮವ್ವ ಹೇಳ್ತಾಳಾ ಅಂತ ಕಾಯ್ದೆ. ಕಡೀಗೆ ನಿಮ್ಮಪ್ಪ ನಿನ್ನ ಕೈ ನೋಡ್ದ. ಇನ್ನೇನು, ಆಯ್ತು ಅಂದ್ಕಂಡೆ. ಮೂರ್ ಜನ ಗೊತ್ತಿದ್ದೂ ಸುಮ್ಗಾದ್ರಿ. ಇನ್ನು ನಾನ್ ಹೇಳಿ ಏನ್ ಗಿಟ್ಟೋದು?"

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಇಸ್ತ್ರಿ ಬಿಟ್ಟಿ ಮಾಡ್ಕೊಡಾಕಿಲ್ಲ. ಸಂಜೆ ಬಂದು ತಗಂಡೋಗು."

ನಗುತ್ತಲೇ ಹೇಳಿದ. ಎಷ್ಟೋ ವರ್ಷ ಅವನ ಹತ್ತಿರವೇ ಸೀರೆ ಹಾಕಿದೆ, ಇಸ್ತ್ರಿಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಈಗ ಅಂಗಡಿ ಇಲ್ಲ, ಅವನೂ ಇಲ್ಲ.

ಇದನ್ನೆಲ್ಲ ನಾನು ಯಾರಿಗೂ ಹೇಳಿದವಳಲ್ಲ. ಈಗ ಹೇಳಿಸಿದ್ದು ನನ್ನ ಮೊಮ್ಮಗಳು ರಶ್ಮಿ. ಮಗ ಆಟೋ ಓಡಿಸುತ್ತಾನೆ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅವರ ಮಗಳಾದರೂ ಒಂದು ಕಡೆ ಕೂತು ಮಾಡುವ ಕೆಲಸ ಹಿಡಿಯಲಿ ಎಂದರೆ ಇವಳಿಗೆ ಕಾಡೇ ಬೇಕಂತೆ. ಕಾಡಿನ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಮೂರು ತಿಂಗಳ ತರಬೇತಿ ಕೊಡುವ ಒಂದು ಜಾಗ ಶ್ರೀರಾಂಪುರದ ಆಚೆ ಇದೆ, ಅಲ್ಲಿಗೆ ಸೇರಿಕೊಂಡಳು. ಓಟ, ಹಗ್ಗ, ಮರಗಳ ಹೆಸರು, ಕಂಪ್ಯೂಟರಿನಲ್ಲಿ ನಕ್ಷೆ, ಎಲ್ಲ ಕಲಿಸುತ್ತಾರೆ. ಹಳದಿ ಅಂಗಿ, ಹೆಲ್ಮೆಟ್ಟು, ಬೂಟು, ಕೈಗೆ ದಪ್ಪ ಗ್ಲೌಸು. ಕೊನೆಗೆ ಸರ್ಟಿಫಿಕೇಟು. ನಾನು ಏನಾದರೂ ಹೇಳಲು ಹೋದರೆ, ಸುಮ್ನಿರಜ್ಜಿ, ನಿನ್ನ ಕಾಲದ ಸೊಪ್ಪು ಬಡಿಯೋದೆಲ್ಲ ಈಗಿಲ್ಲ ಎನ್ನುತ್ತಾಳೆ. ಸೊಪ್ಪು ಇನ್ನೂ ಬಡಿಯುತ್ತಾರೆ, ಟಿವಿಯಲ್ಲಿ ನೋಡಿದ್ದೇನೆ. ಇವಳ ಹತ್ತಿರ ವಾದ ಮಾಡಿ ನನಗೆ ಸಾಕಾಗಿದೆ.

ಹೋದ ತಿಂಗಳು ಒಂದು ದಿನ ಕುಣಿದುಕೊಂಡು ಬಂದಳು. ಖಾಲಿ ಜಾಗದ ಹುಲ್ಲಿಗೆ ಬೆಂಕಿ ಹಾಕಿಸಿ, ಇವರ ಬ್ಯಾಚಿನಿಂದ ಆರಿಸಿದ್ದರಂತೆ. ಅದೇ ಕೊನೆಯ ಪರೀಕ್ಷೆ.

"ಎಲ್ಲಾ ಪಾಸ್ ಅಜ್ಜಿ! ಬೇಸಿಗೆ ಕೆಲಸದ ಲಿಸ್ಟಲ್ಲಿ ನನ್ನ ಹೆಸರು ಗ್ಯಾರಂಟಿ."

"ಆರಿದ ಮೇಲೆ ಕೈ ಇಟ್ಟು ನೋಡಿದ್ರಾ?"

"ಹೂಂ, ಅದೂ ಇದೆ ನಮಗೆ. ಗ್ಲೌಸ್ ತೆಗೆದು ಮುಟ್ಟಿ ನೋಡಬೇಕು. ಒಬ್ಬೊಬ್ಬರಿಗೆ ಒಂದೊಂದು ಕಡೆ ಹಂಚಿದ್ರು."

"ನೀನು ಮುಟ್ಟಿದ್ಯಾ ಅಂತ ಕೇಳ್ದೆ."

"ಅಯ್ಯೋ, ಬಿಸಿಲು ಅಜ್ಜಿ, ಎಲ್ರಿಗೂ ಸುಸ್ತಾಗಿತ್ತು. ಸಾರ್ ಬಂದು ನೋಡಿದ್ರಾ ಅಂದ್ರು. ನೋಡಿದ್ವಿ ಸಾರ್ ಅಂದ್ವಿ. ಎಲ್ರೂ ಹಂಗೇ ಅಂದ್ರು. ಏನಾಗಲ್ಲ ಬಿಡು."

ನನಗೆ ಎಲ್ಲಿತ್ತೋ ಸಿಟ್ಟು. ಬಿಡಿಸುತ್ತಿದ್ದ ಅವರೆಕಾಯಿ ಮೊರ ಹಾಗೇ ನೆಲಕ್ಕೆ ಕುಕ್ಕಿದೆ, ಕಾಳೆಲ್ಲ ಚೆಲ್ಲಾಪಿಲ್ಲಿ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ತಿರುಗಿಸಿ ಬೈದಳು. ಬೈಗುಳ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು, ಕಾಳು ಆರಿಸುತ್ತ, ಒಲೆಯಿಂದ ಹಿಡಿದು ಇಸ್ತ್ರಿ ಅಂಗಡಿಯ ತನಕ ಹೇಳಿದೆ. ಅವಳು ನಡುವೆ ಫೋನು ಮುಟ್ಟಲಿಲ್ಲ.

"ನೀನ್ಯಾಕೆ ಅವತ್ತು ಹೇಳ್ಲಿಲ್ಲ ಅಜ್ಜಿ?"

"ಹೆದರಿಕೆ."

"ಅಷ್ಟೇನಾ?"

"ಅಷ್ಟೇ. ಇನ್ನೇನ್ ಬೇಕು?"

ಅವಳು ಎದ್ದು ಹೋದಳು. ಹೋಗುವಾಗ ನನಗೆ ಕೇಳಿಸುವ ಹಾಗೆ, ನಾನು ಈಗ ಹೋಗಿ ಹೇಳಿದರೆ ಲಿಸ್ಟಿನಿಂದ ಹೆಸರು ತೆಗೀತಾರೆ, ಗೊತ್ತಾ ಎಂದಳು. ಗೊತ್ತು ಎಂದೆ. ಹೋಗು ಎಂದು ನಾನು ಹೇಳಲಿಲ್ಲ. ಹೇಳುವ ಯೋಗ್ಯತೆ ನನಗೆಲ್ಲಿದೆ?

ಮರುದಿನ ನಾನು ಏಳುವಷ್ಟರಲ್ಲಿ ಅವಳ ಬೂಟು ಬಾಗಿಲಲ್ಲಿ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು. ಮುಖ ಊದಿಸಿಕೊಂಡು, ಬ್ಯಾಗನ್ನು ಮಂಚದ ಮೇಲೆ ಎಸೆದಳು.

"ಬೇಲಿ ಪಕ್ಕ ಒಂದು ಮೋಟು ಇತ್ತು. ಅದರ ಬೇರು ಒಳಗೆ ಇನ್ನೂ ಸುಡ್ತಾ ಇತ್ತು. ನನಗೆ ಹಂಚಿದ ಜಾಗವೇ. ಸಾರ್‌ಗೆ ಹೇಳ್ದೆ, ನಿನ್ನೆ ಮುಟ್ಟಿರಲಿಲ್ಲ ಅಂತಾನೂ ಹೇಳ್ದೆ. ಪೂರ್ತಿ ಬ್ಯಾಚನ್ನ ಕರೆಸಿ ಇಡೀ ಜಾಗ ಇನ್ನೊಂದು ಸಲ ಮುಟ್ಟಿಸಿದ್ರು, ಬಿಸಿಲಲ್ಲಿ. ಲಿಸ್ಟಿನ ವಿಷಯ ಆಮೇಲೆ ನೋಡೋಣ ಅಂದ್ರು. ಬ್ಯಾಚಲ್ಲಿ ಯಾರೂ ನನ್ನ ಹತ್ರ ಮಾತಾಡ್ತಿಲ್ಲ. ಎಲ್ಲಾ ನಿನ್ನಿಂದ."

"ಕೈ ತೋರಿಸು" ಎಂದೆ.

ಅಂಗೈ ಚಾಚಿದಳು.

"ಅದಲ್ಲ. ತಿರುಗಿಸು."

ತಿರುಗಿಸಿದಳು. ಗಿಣ್ಣುಗಳ ಮೇಲೆಲ್ಲ ಕಪ್ಪು, ಉಗುರಿನ ಬುಡದ ತನಕ. ನಡುಬೆರಳ ಗಿಣ್ಣಿನ ಹತ್ತಿರ ಅವರೆಕಾಳಿನಷ್ಟು ಬೊಬ್ಬೆ. ಸುಣ್ಣ ಹಚ್ಚಲಾ ಎಂದೆ. ಬೇಡ ಎಂದಳು. ಕೈ ತೊಳೆದುಕೊಂಡು ಬಾ, ಸಾರು ಬಿಸಿ ಇದೆ ಎಂದೆ. ಬಂದು ಕೂತು, ನನ್ನ ಮುಖ ನೋಡದೆ ಉಂಡಳು. ನಾನೂ ಮಾತಾಡಿಸಲಿಲ್ಲ. ಈ ಸಲ ಸುಮ್ಮನೆ ಕೂತದ್ದರಲ್ಲಿ ತಪ್ಪೇನೂ ಇರಲಿಲ್ಲ.